ಪಂಚಮಿ ವಾರದಲ್ಲಿ ಬಿದ್ದ ಸೈಟು: ಶೇರ್ಡ್ ಹೋಸ್ಟಿಂಗ್‌ನಲ್ಲಿ 508 ದೋಷ ಹುಡುಕುವ ಬಗೆ

ನಾಗರ ಪಂಚಮಿಗೆ ಇನ್ನು ಆರು ದಿನ ಇತ್ತು. ಬೆಳಗ್ಗೆ ಹನ್ನೊಂದೂವರೆಗೆ ಇಳಕಲ್‌ನಿಂದ ಕಾಕಾನ ಫೋನ್ ಬಂತು. “ತಮ್ಮಾ, ನಮ್ಮ ಸೈಟ್ ತೆರೀವಲ್ದು ನೋಡೋ. ಹುಬ್ಬಳ್ಳಿಯಿಂದ ಒಬ್ರು ಅಕ್ಕಾರು ಸೀರಿ ಆರಿಸಿ, ರೊಕ್ಕಾ ಕಟ್ಟೂ ಹೊತ್ತಿಗೆ ಬಿಳಿ ಹಾಳಿ ಬಂತಂತ.”

ಬಾಗಲಕೋಟೆ ನವನಗರದ ಮನೆಯಲ್ಲಿ ಕೂತು ನಾನೂ ತೆರೆದು ನೋಡಿದೆ. ಬಿಳಿ ಪುಟ. ಮೇಲೆ 508 ಎಂಬ ಸಂಖ್ಯೆ. ಕೆಳಗೆ ‘ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಎಂಬ ಒಂದು ಸಾಲು. ಎರಡು ಸಲ ರಿಫ್ರೆಶ್ ಮಾಡಿದೆ. ಮೂರನೇ ಸಲಕ್ಕೆ ಸೈಟು ಏನೂ ಆಗಿಲ್ಲ ಎಂಬಂತೆ ತೆರೆಯಿತು. ಮತ್ತೆ ಒಂದು ನಿಮಿಷಕ್ಕೆ ಬಿಳಿ ಪುಟ.

ಹೋಸ್ಟಿಂಗ್ ಕಂಪನಿಗೆ ಬರೆದರೆ ಹತ್ತು ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಸ್ಕ್ರಿಪ್ಟ್‌ಗಳು ಮಿತಿಗಿಂತ ಜಾಸ್ತಿ ಸಂಪನ್ಮೂಲ ಬಳಸುತ್ತಿವೆ, ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಎಂದು. ಕಾಕಾಗೂ ಅದೇ ಸರಿ ಅನಿಸಿತು. “ಹಬ್ಬ ಬಂತಲ್ಲೋ, ಗಿರಾಕಿ ಜಾಸ್ತಿ ಆಗ್ಯಾರ. ರೊಕ್ಕಾ ಹೋದ್ರ ಹೋಗ್ಲಿ.” ನಾನು ಒಂದು ದಿನ ತಡೆಯಿರಿ ಎಂದೆ. ಯಾವ ಮಿತಿ ಮುಟ್ಟಿದೆ, ಯಾರು ಮುಟ್ಟಿಸಿದರು ಎಂದು ತಿಳಿಯದೆ ಪ್ಲಾನ್ ಬದಲಿಸಿದರೆ ರೋಗ ಹಾಗೇ ಉಳಿಯುತ್ತದೆ. ಕೊಡೆಯಷ್ಟೇ ಬದಲಾಗುತ್ತದೆ, ಸೋರುವ ಮಾಳಿಗೆ ಅದೇ ಇರುತ್ತದೆ.

ಅಂಗಡಿ, ಶಾಲೆ, ಸಂಘ, ಮಠ ಹೀಗೆ ಯಾರದಾದರೂ ಒಂದು ಸಣ್ಣ ವರ್ಡ್‌ಪ್ರೆಸ್ ಸೈಟನ್ನು ನೋಡಿಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಲಿ ಎಂದು, ನಾನು ಹುಡುಕಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಯಾವ ಗೋಡೆಗೆ ತಲೆ ತಾಗಿದೆ ಎಂದು ತಿಳಿಯಿರಿ

508 ಎಂದು ಅಂತರ್ಜಾಲದಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ. ಎಚ್‌ಟಿಟಿಪಿ ಸಂಕೇತಗಳ ಪಟ್ಟಿಯಲ್ಲಿ 508 ಎಂದರೆ ‘ಲೂಪ್ ಡಿಟೆಕ್ಟೆಡ್’. ಅದು ವೆಬ್‌ಡ್ಯಾವ್ ಎಂಬ ಬೇರೆ ವ್ಯವಸ್ಥೆಗೆ ಸೇರಿದ್ದು. ನಮ್ಮ ಬಿಳಿ ಪುಟಕ್ಕೂ ಅದಕ್ಕೂ ಸಂಬಂಧವಿಲ್ಲ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಈ ಸಂಖ್ಯೆಯನ್ನು ಹೋಸ್ಟಿಂಗ್ ಕಂಪನಿಗಳು ಸರ್ವರಿನಲ್ಲಿ ಹಾಕುವ ಆಪರೇಟಿಂಗ್ ಸಿಸ್ಟಂ ಆದ ಕ್ಲೌಡ್‌ಲಿನಕ್ಸ್ ತನ್ನ ಕೆಲಸಕ್ಕೆ ಬಳಸಿಕೊಂಡಿದೆ.

ಒಂದೇ ಸರ್ವರಿನಲ್ಲಿ ನೂರಾರು ಗ್ರಾಹಕರ ಸೈಟುಗಳು ಇರುತ್ತವೆ. ಒಬ್ಬನ ಸ್ಕ್ರಿಪ್ಟು ಇಡೀ ಯಂತ್ರವನ್ನು ನುಂಗದಿರಲಿ ಎಂದು ಕ್ಲೌಡ್‌ಲಿನಕ್ಸ್ ಪ್ರತಿ ಖಾತೆಯ ಸುತ್ತ ಬೇಲಿ ಹಾಕುತ್ತದೆ. ಬೇಲಿ ಒಂದಲ್ಲ, ಹಲವು. ಸಿಪಿಯು, ಮೆಮೊರಿ, ಡಿಸ್ಕಿಗೆ ಓದಿ ಬರೆಯುವ ವೇಗ, ಒಟ್ಟು ಪ್ರೊಸೆಸ್‌ಗಳ ಸಂಖ್ಯೆ, ಎಂಟ್ರಿ ಪ್ರೊಸೆಸ್. ಕ್ಲೌಡ್‌ಲಿನಕ್ಸ್ ತಾನಾಗಿ ಇಡುವ ಅಳತೆ ಹೀಗಿದೆ: ಸಿಪಿಯು ಒಂದು ಕೋರ್, ಮೆಮೊರಿ 1 ಜಿಬಿ, ಡಿಸ್ಕ್ ವೇಗ ಸೆಕೆಂಡಿಗೆ 1 ಎಂಬಿ, ಪ್ರೊಸೆಸ್ 100, ಎಂಟ್ರಿ ಪ್ರೊಸೆಸ್ 20. ಹೋಸ್ಟಿಂಗ್ ಕಂಪನಿ ಇದನ್ನು ಪ್ಲಾನ್‌ಗೆ ತಕ್ಕಂತೆ ಏರಿಸಬಹುದು, ಇಳಿಸಬಹುದು. ಕಾಕಾನ ಖಾತೆಯಲ್ಲಿ ಇವೇ ಅಂಕಿಗಳಿದ್ದವು. ಜಾಹೀರಾತಿನಲ್ಲಿ ‘ಅನ್‌ಲಿಮಿಟೆಡ್’ ಎಂದು ಇರುತ್ತದೆಯಲ್ಲ, ಅದು ಡಿಸ್ಕ್ ಜಾಗಕ್ಕೆ, ಬ್ಯಾಂಡ್‌ವಿಡ್ತ್‌ಗೆ. ಈ ಬೇಲಿಗಳಿಗೆ ಅದು ಅನ್ವಯಿಸುವುದಿಲ್ಲ.

ಒಂದೊಂದು ಬೇಲಿಗೆ ತಾಗಿದಾಗ ಒಂದೊಂದು ಲಕ್ಷಣ. ಇದನ್ನು ಗಟ್ಟಿಯಾಗಿ ನೆನಪಿಡಿ, ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಸಿಪಿಯು ಅಥವಾ ಡಿಸ್ಕ್ ವೇಗದ ಮಿತಿ ಮುಟ್ಟಿದರೆ ಯಾವ ದೋಷವೂ ಕಾಣುವುದಿಲ್ಲ. ಸೈಟು ನಿಧಾನ ಆಗುತ್ತದೆ, ಅಷ್ಟೇ. ಮೆಮೊರಿ ತುಂಬಿದರೆ ಪ್ರೊಸೆಸ್ ಸಾಯುತ್ತದೆ, 500 ಅಥವಾ 503 ಬರುತ್ತದೆ. ಒಟ್ಟು ಪ್ರೊಸೆಸ್ ಮಿತಿ ಮುಟ್ಟಿದರೂ ಅವೇ ಎರಡು. ಎಂಟ್ರಿ ಪ್ರೊಸೆಸ್ ತುಂಬಿದರೆ 508.

ಅಂದರೆ ನಮ್ಮದು ಎಂಟ್ರಿ ಪ್ರೊಸೆಸ್ ತುಂಬಿದ ಕೇಸು. ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ನಮ್ಮ ಕಡೆಯ ಖಾನಾವಳಿಯನ್ನು ನೆನೆಸಿಕೊಳ್ಳಿ. ಇಪ್ಪತ್ತು ಮಂದಿ ಕೂರುವ ಜಾಗ. ರೊಟ್ಟಿ ಪಟಪಟ ಬರುತ್ತಿದ್ದರೆ ಒಬ್ಬ ಹದಿನೈದು ನಿಮಿಷದಲ್ಲಿ ಉಂಡು ಏಳುತ್ತಾನೆ. ಗಂಟೆಗೆ 80 ಮಂದಿ ಉಂಡು ಹೋಗುತ್ತಾರೆ. ಒಲೆ ಆರಿ ರೊಟ್ಟಿ ತಡವಾದರೆ ಅದೇ ಮನುಷ್ಯ ಒಂದು ಗಂಟೆ ಕೂರುತ್ತಾನೆ. ಆಗ ಗಂಟೆಗೆ 20 ಮಂದಿ ಮಾತ್ರ. ಇಪ್ಪತ್ತೊಂದನೆಯವನಿಗೆ ಬಾಗಿಲಲ್ಲೇ ‘ಜಾಗ ಇಲ್ರಿ’. ಬಂದ ಮಂದಿ ಜಾಸ್ತಿ ಆಗಿಲ್ಲ, ಕೂತವರು ಎದ್ದಿಲ್ಲ.

ಎಂಟ್ರಿ ಪ್ರೊಸೆಸ್ ಎಂದರೆ ಆ ಇಪ್ಪತ್ತು ಜಾಗ. ಪುಟ ತಯಾರಿಸುವ ಪಿಎಚ್‌ಪಿ ಸ್ಕ್ರಿಪ್ಟು ಶುರುವಾದಾಗ ಒಂದು ಜಾಗ ಹಿಡಿಯುತ್ತದೆ, ಮುಗಿದಾಗ ಬಿಡುತ್ತದೆ. ಫೋಟೋ, ಸಿಎಸ್‌ಎಸ್ ಮುಂತಾದ ಸಾದಾ ಫೈಲುಗಳಿಗೆ ಜಾಗ ಬೇಡ. ಅವು ಬಾಗಿಲಲ್ಲೇ ನಿಂತು ರೊಟ್ಟಿ ಪಾರ್ಸಲ್ ಒಯ್ಯುವವರ ಹಾಗೆ. ಪುಟವೊಂದು ಅರ್ಧ ಸೆಕೆಂಡಿನಲ್ಲಿ ಮುಗಿದರೆ ಇಪ್ಪತ್ತು ಜಾಗದಲ್ಲಿ ಸೆಕೆಂಡಿಗೆ 40 ಪುಟ ಕೊಡಬಹುದು. ನಾಲ್ಕು ಸೆಕೆಂಡು ಹಿಡಿದರೆ ಸೆಕೆಂಡಿಗೆ ಬರೀ 5. ಆದ್ದರಿಂದ 508 ಬಂದಾಗ ‘ಎಷ್ಟು ಮಂದಿ ಬಂದರು’ ಎಂಬ ಪ್ರಶ್ನೆ ಒಂದೇ ಸಾಲದು. ‘ಯಾರು ಎಷ್ಟು ಹೊತ್ತು ಕೂತರು’ ಎಂದೂ ಕೇಳಬೇಕು.

ಗ್ರಾಫು, ಮತ್ತು ಐದೂವರೆ ಗಂಟೆಯ ಗೊಂದಲ

ಹೋಸ್ಟಿಂಗ್ ಖಾತೆಯನ್ನು ನೋಡಿಕೊಳ್ಳುವ ಸಿಪ್ಯಾನಲ್‌ನಲ್ಲಿ ‘ರಿಸೋರ್ಸ್ ಯೂಸೇಜ್’ ಎಂಬ ಪುಟ ಇದೆ. ಅದರಲ್ಲಿ ಪ್ರತಿ ಮಿತಿಗೂ ಬೇರೆ ಬೇರೆ ಗ್ರಾಫ್. ಮಿತಿಯ ಗೆರೆ ಒಂದು, ಬಳಕೆಯ ಗೆರೆ ಇನ್ನೊಂದು, ಎಷ್ಟು ಸಲ ತಾಗಿತು ಎಂಬ ಲೆಕ್ಕ ಮತ್ತೊಂದು. 24 ಗಂಟೆ ನೋಡಿ, ಆಮೇಲೆ ಏಳು ದಿನ ನೋಡಿ. ನನ್ನ ಕಣ್ಣಿಗೆ ಬಿದ್ದದ್ದು ಹೀಗಿತ್ತು: ಎಂಟ್ರಿ ಪ್ರೊಸೆಸ್ ದಿನವಿಡೀ ಆರು, ಏಳು, ಎಂಟರ ಸುತ್ತ ಓಡಾಡುತ್ತಿದೆ. ದಿನಕ್ಕೊಂದು ಸಲ, ಸುಮಾರು ಒಂದು ಗಂಟೆ ಕಾಲ, 20ಕ್ಕೆ ಹೋಗಿ ಅಂಟಿಕೊಂಡು ನಿಲ್ಲುತ್ತದೆ. ಅದೇ ಹೊತ್ತಿಗೆ ಸಿಪಿಯು ಮತ್ತು ಡಿಸ್ಕ್ ವೇಗದ ಗೆರೆಗಳೂ ಮಿತಿಗೆ ಒತ್ತಿಕೊಂಡಿವೆ.

ಹಬ್ಬದ ಗಿರಾಕಿಗಳು ಹೀಗೆ ಬರುವುದಿಲ್ಲ. ಏಳು ದಿನವೂ ಒಂದೇ ನಿಮಿಷಕ್ಕೆ ಬಂದು ಒಂದೇ ಹೊತ್ತಿಗೆ ಹೋಗುವ ಗಿರಾಕಿ ಇರುವುದಿಲ್ಲ ಅಲ್ವಾ? ಗ್ರಾಫಿನ ಏರು ಇಷ್ಟು ನೇರವಾಗಿದ್ದರೆ ಯಾವುದೋ ಗಡಿಯಾರ ನೋಡಿ ಓಡುವ ಕೆಲಸ ಎಂದು ಮೊದಲೇ ಅನುಮಾನಿಸಿ.

ಆದರೆ ಗ್ರಾಫಿನಲ್ಲಿ ಆ ಹೊತ್ತು 5.30 ಎಂದಿತ್ತು. ಕಾಕಾ ಫೋನ್ ಮಾಡಿದ್ದು 11.30ಕ್ಕೆ. ಒಂದು ಕ್ಷಣ ಇವೆರಡೂ ಬೇರೆ ತೊಂದರೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸರ್ವರಿನ 5.30 ಎಂದರೆ ನಮ್ಮ ಬೆಳಗಿನ 11. ಲಾಗ್ ಓದುವ ಮುಂಚೆ ಈ ಒಂದು ಸಂಗತಿ ಖಚಿತ ಮಾಡಿಕೊಳ್ಳಿ. ಕೆಲವು ಸರ್ವರ್‌ಗಳು ಅಮೆರಿಕದ ಸಮಯದಲ್ಲೂ ಇರುತ್ತವೆ. ಲಾಗಿನ ಪ್ರತಿ ಸಾಲಿನಲ್ಲಿ ಸಮಯದ ಪಕ್ಕ ಪ್ಲಸ್ ಅಥವಾ ಮೈನಸ್ ಗುರುತಿನ ನಾಲ್ಕು ಅಂಕಿ ಇರುತ್ತವೆ, ಅದನ್ನು ನೋಡಿದರೆ ಗೊತ್ತಾಗುತ್ತದೆ.

ಅದೇ ಪುಟದಲ್ಲಿ ‘ಸ್ನ್ಯಾಪ್‌ಶಾಟ್’ ಎಂಬ ಟ್ಯಾಬ್ ಇದೆ. ಎಷ್ಟೋ ಮಂದಿ ಇದನ್ನು ಒತ್ತಿಯೇ ನೋಡಿರುವುದಿಲ್ಲ. ಮಿತಿ ತಾಗಿದ ಗಳಿಗೆಯಲ್ಲಿ ಯಾವ ಪ್ರೊಸೆಸ್ ಓಡುತ್ತಿತ್ತು, ಯಾವ ಪುಟ ಕೇಳಿದ್ದರು, ಡೇಟಾಬೇಸಿಗೆ ಯಾವ ಪ್ರಶ್ನೆ ಹೋಗಿತ್ತು ಎಂದು ಅಲ್ಲಿ ಹಿಡಿದಿಟ್ಟಿರುತ್ತದೆ. ನನಗೆ ಹನ್ನೊಂದು ಗಂಟೆಯ ಸ್ನ್ಯಾಪ್‌ಶಾಟ್‌ನಲ್ಲಿ ಮೂರು ಬಗೆಯ ಸಾಲು ಕಂಡವು. ಒಂದು, ಗೊತ್ತು ಮಾಡಿದ ಹೊತ್ತಿಗೆ ಕೆಲಸಗಳನ್ನು ಓಡಿಸುವ ವರ್ಡ್‌ಪ್ರೆಸ್ ಕ್ರಾನ್ ಫೈಲು. ಇನ್ನು ಹದಿನಾರು ಹದಿನೇಳು ಸಾಲು, ಸೀರೆ ಪಟ್ಟಿಯ ಫಿಲ್ಟರ್ ಪುಟಗಳು, ಅಂದರೆ ಬಣ್ಣ, ದಡಿ ಆರಿಸಿದಾಗ ತೆರೆಯುವವು. ಚೆಕ್‌ಔಟ್ ಪುಟ ಒಂದೇ ಒಂದು. ಅದು ಹುಬ್ಬಳ್ಳಿಯ ಅಕ್ಕನದೇ ಇರಬೇಕು.

ಮೊದಲ ಕಾರಣ: ನಸುಕಿನ ಕೆಲಸ ನಡುಹಗಲಲ್ಲಿ

ಕ್ರಾನ್ ಏನು ಓಡಿಸುತ್ತಿದೆ ಎಂದು ನೋಡಿದೆ. ಬ್ಯಾಕಪ್ ಪ್ಲಗಿನ್. ಸೈಟು ಕಟ್ಟಿದವರು ನಸುಕಿನಲ್ಲಿ ಯಾರೂ ಇರುವುದಿಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ 5.30ಕ್ಕೆ ಇಟ್ಟಿದ್ದರು. ಆದರೆ ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ಯುಟಿಸಿ ಎಂದೇ ಉಳಿದಿತ್ತು. ಹಾಗಾಗಿ ದಿನಾ ನಮ್ಮ ಹನ್ನೊಂದಕ್ಕೆ, ಅಂಗಡಿಯ ಒಳ್ಳೆ ವ್ಯಾಪಾರದ ಹೊತ್ತಿಗೆ, ಬ್ಯಾಕಪ್ ಶುರು.

ಲೆಕ್ಕ ಹಾಕಿ ನೋಡಿ. ಸೈಟಿನ ಗಾತ್ರ ಒಂದೂವರೆ ಜಿಬಿ, ಅಂದರೆ 1,536 ಎಂಬಿ. ಡಿಸ್ಕ್ ಮಿತಿ ಸೆಕೆಂಡಿಗೆ 1 ಎಂಬಿ. ಓದಲು 1,536 ಸೆಕೆಂಡು. ಫೋಟೋಗಳು ಜಿಪ್‌ನಲ್ಲಿ ಕುಗ್ಗುವುದಿಲ್ಲ, ಹಾಗಾಗಿ ಬರೆಯಲೂ ಹೆಚ್ಚುಕಮ್ಮಿ ಅಷ್ಟೇ. ಒಟ್ಟು 51 ನಿಮಿಷ. ಗ್ರಾಫಿನ ಏರು ಒಂದು ಗಂಟೆಯ ಹತ್ತಿರ ಇದ್ದದ್ದು ಸುಮ್ನೆ ಅಲ್ಲ. ಜಿಪ್ ಕಟ್ಟುವ ಕೆಲಸ ಸಿಪಿಯುವನ್ನೂ ಹಿಡಿದುಕೊಳ್ಳುತ್ತದೆ. ಇದ್ದ ಒಂದು ಕೋರನ್ನು ಬ್ಯಾಕಪ್ ಮತ್ತು ಉಳಿದೆಲ್ಲ ಪುಟಗಳು ಹಂಚಿಕೊಳ್ಳಬೇಕು. ನಾಲ್ಕು ಸೆಕೆಂಡಿನ ಪುಟ ಹನ್ನೆರಡು ಸೆಕೆಂಡು ಆಯಿತು.

ಟೈಮ್‌ಝೋನ್ ಕೋಲ್ಕತಾ ಎಂದು ಬದಲಿಸಿ, ಬ್ಯಾಕಪ್ಪನ್ನು ರಾತ್ರಿ 2 ಗಂಟೆಗೆ ಇಟ್ಟೆ. ಹಳೆಯ ಬ್ಯಾಕಪ್ ಫೈಲುಗಳನ್ನೇ ಹೊಸ ಬ್ಯಾಕಪ್ ಒಳಗೆ ತುಂಬುತ್ತಿತ್ತು, ಆ ಫೋಲ್ಡರನ್ನು ಬಿಟ್ಟುಬಿಡು ಎಂದು ಗುರುತು ಹಾಕಿದೆ. ಇದಾದ ಮೇಲೆ ಬೇರೇನೂ ಮುಟ್ಟದೆ ಒಂದು ದಿನ ಕಾದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ದಯವಿಟ್ಟು. ಐದು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ವಾಸಿಯಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಮರುದಿನ ಹನ್ನೊಂದರ ಏರು ಮಾಯ. ಆದರೆ ಎಂಟ್ರಿ ಪ್ರೊಸೆಸ್ ಈಗಲೂ ಏಳರ ಸುತ್ತಲೇ ಇತ್ತು. ರಾತ್ರಿ ಮೂರಕ್ಕೂ ಏಳು! ಇಳಕಲ್ ಸೀರೆಯ ಮೇಲೆ ಎಷ್ಟೇ ಪ್ರೀತಿ ಇದ್ದರೂ ರಾತ್ರಿ ಮೂರಕ್ಕೆ ಬಿಡುವಿಲ್ಲದೆ ಹುಡುಕುವವರು ಇರಲಾರರು.

ಎರಡನೇ ಕಾರಣ: ಲಾಗಿನ ಸಾಲುಗಳನ್ನು ಎಣಿಸಿದಾಗ

ಸಿಪ್ಯಾನಲ್‌ನ ‘ರಾ ಆಕ್ಸೆಸ್’ನಿಂದ ಆ ದಿನದ ಲಾಗನ್ನು ಇಳಿಸಿಕೊಳ್ಳಿ. ಕಮಾಂಡ್ ಲೈನ್ ಬಾರದಿದ್ದರೆ ಚಿಂತೆ ಬೇಡ. ಬಿಚ್ಚಿದ ಫೈಲನ್ನು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಕಾಲಂ ಬೇರೆ ಮಾಡಲು ಸ್ಪೇಸ್ ಆರಿಸಿ, ಉದ್ಧರಣ ಚಿಹ್ನೆಯ ಒಳಗಿನದನ್ನು ಒಂದೇ ತುಂಡಾಗಿ ಇಡಲು ಹೇಳಿ. ಮೊದಲ ಕಾಲಂ ಐಪಿ ವಿಳಾಸ, ನಾಲ್ಕು ಮತ್ತು ಐದು ಸಮಯ, ಆರನೆಯದು ಕೇಳಿದ ಪುಟ, ಏಳನೆಯದು 200 ಅಥವಾ 508 ಎಂಬ ಫಲಿತಾಂಶ, ಒಂಬತ್ತನೆಯದು ಎಲ್ಲಿಂದ ಬಂದರು ಎಂಬ ರೆಫರರ್, ಹತ್ತನೆಯದು ಬ್ರೌಸರಿನ ಹೆಸರು. ಪಿವಟ್ ಟೇಬಲ್ ಹಾಕಿ ಆರನೆಯದನ್ನು ಎಣಿಸಿ, ಆಮೇಲೆ ಹತ್ತನೆಯದನ್ನು, ಕೊನೆಗೆ ಐಪಿಯನ್ನು. ಐಪಿಯಿಂದ ಶುರು ಮಾಡುವ ಅಭ್ಯಾಸ ಹಲವರಿಗಿದೆ. ಈಗಿನ ಬಾಟ್‌ಗಳು, ಅಂದರೆ ತಾವಾಗಿ ಸೈಟು ಸುತ್ತುವ ಪ್ರೋಗ್ರಾಂಗಳು, ಸಾವಿರಾರು ಐಪಿಗಳಿಂದ ಒಂದೊಂದೇ ಸಲ ಬರುತ್ತವೆ, ಹಾಗಾಗಿ ಐಪಿ ಪಟ್ಟಿಯಲ್ಲಿ ಯಾರೂ ಎದ್ದು ಕಾಣುವುದಿಲ್ಲ. ಕೇಳಿದ ಪುಟದ ಪಟ್ಟಿಯಲ್ಲಿ ಸಿಕ್ಕಿಬೀಳುತ್ತವೆ.

ಮಧ್ಯಾಹ್ನದ ಒಂದು ಗಂಟೆಯನ್ನು ಎಣಿಸಿದೆ. ಫಿಲ್ಟರ್ ಪುಟ ಕೇಳಿದ ಸಾಲುಗಳೇ 6,300. ಆ ಇಡೀ ದಿನ ಬಂದ ಆರ್ಡರು 14. ಫಿಲ್ಟರ್ ಸಾಲುಗಳಲ್ಲಿ ರೆಫರರ್ ಕಾಲಂ ಹೆಚ್ಚುಕಮ್ಮಿ ಎಲ್ಲ ಖಾಲಿ. ಬ್ರೌಸರ್ ಕಾಲಂನಲ್ಲಿ ಎಸ್‌ಇಒ (ಹುಡುಕಾಟದಲ್ಲಿ ಸೈಟು ಮೇಲೆ ಬರುವಂತೆ ಮಾಡುವ) ಕಂಪನಿಗಳ ಬಾಟ್, ಎಐಗೆ ಪಠ್ಯ ಕೂಡಿಸುವ ಬಾಟ್, ಹೆಸರು ಹೇಳದೆ ಹಳೆಯ ಕ್ರೋಮ್ ವೇಷದಲ್ಲಿ ಬಂದವು.

ಗಂಟೆಗೆ 6,300 ಎಂದರೆ ಸೆಕೆಂಡಿಗೆ 1.75. ಒಂದೊಂದು ಪುಟ ನಾಲ್ಕು ಸೆಕೆಂಡು. 1.75ನ್ನು 4ರಿಂದ ಗುಣಿಸಿದರೆ 7. ರಾತ್ರಿ ಮೂರಕ್ಕೂ ತುಂಬಿದ್ದ ಆ ಏಳು ಜಾಗ ಇವೇ. ಬ್ಯಾಕಪ್ ಹೊತ್ತಿನಲ್ಲಿ ಪುಟಕ್ಕೆ 12 ಸೆಕೆಂಡು ಹಿಡಿಯುತ್ತಿತ್ತು. 1.75ನ್ನು 12ರಿಂದ ಗುಣಿಸಿದರೆ 21. ಇದ್ದ ಜಾಗ 20. ಈ ಗುಣಾಕಾರ ಹೊಂದಿಕೊಂಡಾಗ ನನಗೆ ಆದ ಸಮಾಧಾನ ಹೇಳತೀರದು. ಎರಡು ಕಾರಣಗಳಲ್ಲಿ ಯಾವುದೊಂದೇ ಇದ್ದಿದ್ದರೂ ಸೈಟು ಬೀಳುತ್ತಿರಲಿಲ್ಲ. ಎರಡೂ ಕೂಡಿದಾಗ ಬಿತ್ತು.

ಇರುವುದು 180 ಸೀರೆ. ಬಾಟ್‌ಗಳಿಗೆ ಅಷ್ಟೊಂದು ಪುಟ ಎಲ್ಲಿಂದ ಸಿಕ್ಕವು? ಫಿಲ್ಟರಿನಲ್ಲಿ 12 ಬಣ್ಣ, ನಾಲ್ಕು ದಡಿ (ಚಿಕ್ಕಿ, ಗೋಮಿ, ಜರಿ, ಗಾಡಿ), ಮೂರು ಬಗೆಯ ನೂಲು ಇದ್ದವು. ಒಟ್ಟು 19 ಗುಂಡಿ. ಒಂದೊಂದನ್ನೂ ಬೇಕಾದರೆ ಒತ್ತಬಹುದು, ಬೇಡವಾದರೆ ಬಿಡಬಹುದು, ಎಷ್ಟನ್ನಾದರೂ ಒಟ್ಟಿಗೆ ಒತ್ತಬಹುದು. ಹತ್ತೊಂಬತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿ: 5,24,288. ಪ್ರತಿ ಜೋಡಣೆಗೂ ಬೇರೆ ವಿಳಾಸ. ಪ್ರತಿ ಪುಟದಲ್ಲೂ ಮುಂದಿನ ಜೋಡಣೆಗಳಿಗೆ ಕೊಂಡಿ. ಇಳಕಲ್ ಸೀರೆಯ ಮೈಯನ್ನೂ ಸೆರಗನ್ನೂ ಮಗ್ಗದ ಮೇಲೆ ಎಳೆ ಎಳೆಯಾಗಿ ಸೇರಿಸುವ ಕೆಲಸಕ್ಕೂ ಕೊಂಡಿ ಎಂದೇ ಹೆಸರು. ಅಲ್ಲಿ ಒಂದೊಂದು ಕೊಂಡಿಯೂ ಎಣಿಸಿ ಹಾಕಿದ್ದು. ಇಲ್ಲಿ ಯಾರೂ ಎಣಿಸಿರಲಿಲ್ಲ. ಬಾಟ್ ಒಂದು ಕೊಂಡಿ ಹಿಡಿದು ಒಳಹೊಕ್ಕರೆ ತಿಂಗಳಾದರೂ ಹೊರಬರುವುದಿಲ್ಲ.

ತಯಾರಾದ ಪುಟವನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೊಡುವ ಕ್ಯಾಶ್ ಪ್ಲಗಿನ್ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆದರೆ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದರೆ ಹೆಚ್ಚಿನ ಕ್ಯಾಶ್ ಪ್ಲಗಿನ್‌ಗಳು ಆ ಪುಟವನ್ನು ಹಿಡಿದಿಡುವುದಿಲ್ಲ. ಫಿಲ್ಟರ್ ಪುಟಗಳು ಪ್ರತಿ ಸಲವೂ ಹೊಸದಾಗಿ ಡೇಟಾಬೇಸ್ ತಡಕಾಡಿ ತಯಾರಾಗುತ್ತಿದ್ದವು. ಇನ್ನೊಂದು ಎಚ್ಚರ: ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೊಂಡಿಗಳ ತುದಿಗೆ ಎಫ್‌ಬಿಕ್ಲಿಡ್ ಎಂಬ ಉದ್ದ ಬಾಲ ಅಂಟಿಕೊಂಡು ಬರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬಾಲ. ಕ್ಯಾಶ್ ಪ್ಲಗಿನ್‌ಗೆ ಆ ಬಾಲವನ್ನು ಲೆಕ್ಕಕ್ಕೆ ತಗೋಬೇಡ ಎಂದು ಹೇಳುವ ಸೆಟ್ಟಿಂಗ್ ಇದೆಯಾ ನೋಡಿ. ಇಲ್ಲದಿದ್ದರೆ ಇನ್‌ಸ್ಟಾಗ್ರಾಂನಲ್ಲಿ ಒಂದು ಸೀರೆ ಹಾಕಿದ ದಿನವೇ ಸೈಟು ಬೀಳಬಹುದು.

ಬಾಗಿಲು ಹಾಕಿದ ಬಗೆ

ಮೊದಲು ಬಾಟ್‌ಗಳು ಎಲ್ಲಿಗೆ ಹೋಗಬಾರದು ಎಂದು ಹೇಳುವ ರೋಬೋಟ್ಸ್ ಫೈಲಿನಲ್ಲಿ ಫಿಲ್ಟರ್ ಇರುವ ವಿಳಾಸಗಳಿಗೆ ‘ಡಿಸ್‌ಅಲೌ’ ಬರೆದೆ. ಇದು 1994ರಿಂದ ರೂಢಿಯಲ್ಲಿರುವ ಪದ್ಧತಿ, 2022ರಲ್ಲಿ ಅಧಿಕೃತ ಮಾನದಂಡವೂ ಆಯಿತು. ಮರ್ಯಾದಸ್ಥ ಬಾಟ್‌ಗಳು ಕೇಳುತ್ತವೆ. ಆದರೆ ತಕ್ಷಣ ಅಲ್ಲ, ಗೂಗಲ್ ಕೂಡ ಈ ಫೈಲನ್ನು 24 ಗಂಟೆಯವರೆಗೆ ತನ್ನಲ್ಲಿ ಇಟ್ಟುಕೊಂಡಿರುತ್ತದೆ. ವೇಷ ಹಾಕಿ ಬಂದವು ಕೇಳುವುದೇ ಇಲ್ಲ. ಎರಡು ಕೋರಿಕೆಗಳ ನಡುವೆ ತಡೆದು ಬಾ ಎನ್ನುವ ‘ಕ್ರಾಲ್ ಡಿಲೇ’ ಬರೆಯಲು ಹೇಳುವವರಿದ್ದಾರೆ, ಗೂಗಲ್ ಅದನ್ನು ಗಮನಿಸುವುದಿಲ್ಲ.

ನಿಜವಾದ ಕೆಲಸ ಸರ್ವರಿಗೆ ನಿಯಮ ಹೇಳುವ ಎಚ್‌ಟಿಆಕ್ಸೆಸ್ ಫೈಲಿನಲ್ಲಿ. ಅಲ್ಲಿ ತಡೆದರೆ ಪಿಎಚ್‌ಪಿ ಶುರುವಾಗುವುದೇ ಇಲ್ಲ, ಜಾಗವೂ ಹಿಡಿಯುವುದಿಲ್ಲ. ಪ್ಲಗಿನ್ ಹಾಕಿ ತಡೆದರೆ ಆ ಪ್ಲಗಿನ್ ಓಡಲಿಕ್ಕೇ ಒಂದು ಜಾಗ ಬೇಕು. ಬಂದವನನ್ನು ಒಳಗೆ ಕೂರಿಸಿ, ಆಮೇಲೆ ಊಟ ಇಲ್ಲ ಎಂದಂತೆ.

ಎರಡು ನಿಯಮ ಬರೆದೆ. ಹೆಸರು ಹೇಳಿಕೊಂಡು ಬರುವ, ನಮಗೆ ಉಪಯೋಗವಿಲ್ಲದ ಬಾಟ್‌ಗಳಿಗೆ 403, ಅಂದರೆ ‘ಪ್ರವೇಶ ಇಲ್ಲ’. ಉಳಿದಂತೆ, ಫಿಲ್ಟರ್ ವಿಳಾಸ ಕೇಳಿದರೆ ಮತ್ತು ರೆಫರರ್ ನಮ್ಮ ಸೈಟಿನದ್ದಲ್ಲದಿದ್ದರೆ, ಪ್ರಶ್ನಾರ್ಥಕ ಚಿಹ್ನೆಯಿಂದ ಆಚೆಯದನ್ನು ಕತ್ತರಿಸಿ ಸಾದಾ ಸೀರೆ ಪಟ್ಟಿಗೆ 302 (ತಾತ್ಕಾಲಿಕವಾಗಿ ಬೇರೆ ವಿಳಾಸಕ್ಕೆ ತಿರುಗಿಸುವ ಸಂಕೇತ) ಮೂಲಕ ಕಳಿಸು ಎಂದು. ನಿಜವಾದ ಗಿರಾಕಿ ಪಟ್ಟಿಯ ಪುಟದಲ್ಲಿ ನಿಂತೇ ಫಿಲ್ಟರ್ ಒತ್ತುತ್ತಾನೆ, ಅವನ ರೆಫರರ್ ನಮ್ಮದೇ ಇರುತ್ತದೆ. ಯಾರಾದರೂ ಫಿಲ್ಟರ್ ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಅಕ್ಕನಿಗೆ ಕಳಿಸಿದರೆ ಆಕೆಗೆ ಮುಚ್ಚಿದ ಬಾಗಿಲು ಕಾಣಬಾರದು. ಪೂರ್ತಿ ಪಟ್ಟಿಯಾದರೂ ಕಾಣಲಿ. ಅದಕ್ಕೇ ಇಲ್ಲಿ 403 ಇಡಲಿಲ್ಲ.

ಇಲ್ಲಿ ಒಂದು ಹೊಂಡ ಇದೆ, ನಾನು ಅರ್ಧ ದಿನ ಅದರಲ್ಲೇ ಇದ್ದೆ. 403 ನಿಯಮ ಹಾಕಿದ ಮೇಲೂ ಜಾಗ ಖಾಲಿಯಾಗಲಿಲ್ಲ. ಯಾಕೆಂದರೆ 403 ಕೊಡುವಾಗ ಸರ್ವರು ತೋರಿಸಲು ಒಂದು ದೋಷ ಪುಟದ ಫೈಲನ್ನು ಹುಡುಕುತ್ತದೆ. ಆ ಫೈಲು ಇರಲಿಲ್ಲ. ಇಲ್ಲದ ಫೈಲಿನ ಕೋರಿಕೆ ವರ್ಡ್‌ಪ್ರೆಸ್ ಕೈಗೆ ಹೋಗುತ್ತದೆ. ವರ್ಡ್‌ಪ್ರೆಸ್ ಪೂರ್ತಿ ಎದ್ದು ‘ಪುಟ ಸಿಗಲಿಲ್ಲ’ ಎಂದು ಅಲಂಕಾರ ಮಾಡಿ ಕಳಿಸುತ್ತದೆ. ತಡೆದ ಬಾಟ್ ಕೂಡ ಒಂದು ಜಾಗ ತಿಂದಿತು. ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನಲ್ಲಿ ಒಂದೇ ಸಾಲಿನ ಸಾದಾ ದೋಷ ಪುಟ ಇಟ್ಟ ಮೇಲೆ ಸರಿಯಾಯಿತು. ನಿಯಮಗಳು ‘ಬಿಗಿನ್ ವರ್ಡ್‌ಪ್ರೆಸ್’ ಎಂಬ ಸಾಲಿಗಿಂತ ಮೇಲೆ ಇರಬೇಕು ಎಂಬುದನ್ನೂ ಮರೆಯಬೇಡಿ. ಕೆಳಗಿದ್ದರೆ ಅವುಗಳ ಸರದಿ ಬರುವುದೇ ಇಲ್ಲ. ಫೈಲನ್ನು ಮುಟ್ಟುವ ಮುಂಚೆ ಒಂದು ಪ್ರತಿ ತೆಗೆದಿಡಿ. ಒಂದು ಅಕ್ಷರ ತಪ್ಪಿದರೆ ಇಡೀ ಸೈಟು 500 ಹೇಳುತ್ತದೆ.

ಹೆಸರಿನ ಮೇಲೆ ತಡೆಯುವಾಗ ಗೂಗಲ್ ಬಾಟನ್ನು ತಡೆದೀರಿ, ಜೋಕೆ. ಗೂಗಲ್ ಹೆಸರಿನಲ್ಲಿ ಬರುವ ಸುಳ್ಳು ಬಾಟ್‌ಗಳೂ ಇವೆ. ಅನುಮಾನ ಬಂದರೆ ಆ ಐಪಿಯನ್ನು, ಐಪಿಯಿಂದ ಹೆಸರು ಹುಡುಕಿಕೊಡುವ ರಿವರ್ಸ್ ಡಿಎನ್‌ಎಸ್‌ನಲ್ಲಿ ನೋಡಿ. ಬಂದ ಹೆಸರು ಗೂಗಲ್‌ಬಾಟ್ ಡಾಟ್ ಕಾಮ್ ಅಥವಾ ಗೂಗಲ್ ಡಾಟ್ ಕಾಮ್ ಎಂದು ಮುಗಿಯಬೇಕು, ಆ ಹೆಸರನ್ನು ಮತ್ತೆ ತಿರುಗಿಸಿ ಕೇಳಿದರೆ ಅದೇ ಐಪಿ ಬರಬೇಕು.

ಬಾಗಿಲು ಹಾಕಿದ್ದಾಯಿತು. ಮನೆ ಒಳಗಿನ ರಿಪೇರಿ ಬೇರೆ. ಕಾಕಾಗೆ ಕೇಳಿದೆ, ಅಂಗಡಿಗೆ ಬಂದವರು ಏನೆಂದು ಕೇಳಿ ಸೀರೆ ತೆಗೆಸುತ್ತಾರೆ ಎಂದು. “ಬಣ್ಣ ಕೇಳ್ತಾರ, ದಡಿ ಕೇಳ್ತಾರ. ನೂಲು ಕೈಯಾಗ ಹಿಡದ್ರ ಗೊತ್ತಾಕ್ಕೈತಿ, ಅದನ್ನ್ಯಾರು ಕೇಳ್ತಾರಪಾ.” ನೂಲಿನ ಫಿಲ್ಟರ್ ತೆಗೆದೆ. ಬಣ್ಣದಲ್ಲಿ ಒಂದು, ದಡಿಯಲ್ಲಿ ಒಂದು ಮಾತ್ರ ಆರಿಸಲು ಬಿಟ್ಟೆ. ಈಗ ಜೋಡಣೆಗಳು ಎಷ್ಟು? ಬಣ್ಣಕ್ಕೆ 13 ದಾರಿ, ಯಾವುದೂ ಬೇಡ ಎಂಬುದೂ ಸೇರಿ. ದಡಿಗೆ 5. ಒಟ್ಟು 65 ಪುಟ. ಐದು ಲಕ್ಷದಿಂದ ಅರವತ್ತೈದಕ್ಕೆ. ಆ 65ನ್ನೂ ಕ್ಯಾಶ್ ಮಾಡಲು ಪ್ಲಗಿನ್‌ಗೆ ಹೇಳಿದೆ.

ಪಂಚಮಿಯ ಹಿಂದಿನ ದಿನ, ಆ ವಾರದಲ್ಲೇ ಜಾಸ್ತಿ ಗಿರಾಕಿ ಬಂದ ದಿನ, ಎಂಟ್ರಿ ಪ್ರೊಸೆಸ್ ಐದನ್ನು ದಾಟಲಿಲ್ಲ. ಪ್ಲಾನ್ ಹಳೆಯದೇ.

ನಿಮ್ಮ ಕಾರಣ ಬೇರೆ ಇದ್ದರೆ

ಲಾಗ್ ಎಣಿಸಿದಾಗ ಬೇರೆ ಹೆಸರು ಮೇಲೆ ಬಂದರೆ ಹೀಗೆ ನೋಡಿ.

ಲಾಗಿನ್ ಪುಟಕ್ಕೆ ಅಥವಾ ಹೊರಗಿನ ಆ್ಯಪ್‌ಗಳು ಸೈಟಿಗೆ ಸೇರಲು ಬಳಸುವ ಎಕ್ಸ್‌ಎಂಎಲ್-ಆರ್‌ಪಿಸಿ ಫೈಲಿಗೆ ‘ಪೋಸ್ಟ್’ (ಮಾಹಿತಿ ಕಳಿಸುವ) ಸಾಲುಗಳು ಸಾವಿರಗಟ್ಟಲೆ ಇದ್ದರೆ ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ಎರಡನೆಯದು ನಿಮಗೆ ಬೇಡವಾದರೆ ಎಚ್‌ಟಿಆಕ್ಸೆಸ್‌ನಲ್ಲೇ ಮುಚ್ಚಿ. ಕ್ರಾನ್ ಫೈಲು ಮೇಲಿದ್ದರೆ, ಪುಟ ತೆರೆದಾಗಲೆಲ್ಲ ಓಡುವ ವರ್ಡ್‌ಪ್ರೆಸ್ ಕ್ರಾನನ್ನು ಕಾನ್ಫಿಗ್ ಫೈಲಿನಲ್ಲಿ ನಿಲ್ಲಿಸಿ, ಸಿಪ್ಯಾನಲ್‌ನ ಕ್ರಾನ್ ಜಾಬ್‌ನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಇಡಿ. ತೆರೆದ ಪುಟಗಳು ಹಿನ್ನೆಲೆಯಲ್ಲಿ ಸರ್ವರನ್ನು ಕೇಳಲು ಬಳಸುವ ಅಡ್ಮಿನ್-ಅಜಾಕ್ಸ್ ಫೈಲು ಮೇಲಿದ್ದರೆ, ಅಂಗಡಿಯ ಹುಡುಗರು ಸೀರೆ ಎಡಿಟ್ ಮಾಡುವ ಟ್ಯಾಬ್‌ಗಳನ್ನು ದಿನವಿಡೀ ತೆರೆದಿಟ್ಟಿರುತ್ತಾರಾ ಕೇಳಿ. ತೆರೆದ ಪ್ರತಿ ಟ್ಯಾಬೂ ನಿಮಿಷದಲ್ಲಿ ಹಲವು ಸಲ ಸರ್ವರನ್ನು ತಟ್ಟುತ್ತದೆ. ಇಲ್ಲದ ಫೋಟೋಗಳಿಗೆ 404 (ಸಿಗಲಿಲ್ಲ) ರಾಶಿ ಇದ್ದರೆ ಆ ಫೋಟೋ ವಾಪಸ್ ಇಡಿ ಅಥವಾ ಕೊಂಡಿ ತೆಗೆಯಿರಿ. ಪ್ರತಿ 404 ಕೂಡ ವರ್ಡ್‌ಪ್ರೆಸ್ಸನ್ನು ಎಬ್ಬಿಸುತ್ತದೆ.

508 ಅಲ್ಲದೆ 500 ಬರುತ್ತಿದ್ದರೆ ದೋಷದ ಲಾಗನ್ನು ಓದಿ. ‘ಅಲೌಡ್ ಮೆಮೊರಿ ಸೈಜ್’ ಎಂದು ಶುರುವಾಗುವ ಸಾಲು, ಅದರಲ್ಲಿ 268435456 ಎಂಬ ಅಂಕಿ ಕಂಡರೆ ಒಂದು ಸ್ಕ್ರಿಪ್ಟು ತನ್ನ 256 ಎಂಬಿ ದಾಟಿದೆ ಎಂದರ್ಥ. ಇದು ಪಿಎಚ್‌ಪಿಯ ಬೇಲಿ, ಖಾತೆಯ ಬೇಲಿ ಅಲ್ಲ. ಅದನ್ನು 512 ಮಾಡಿದರೆ ಖಾತೆಯ 1 ಜಿಬಿ ಬೆಳೆಯುವುದಿಲ್ಲ. ಎರಡು ಸ್ಕ್ರಿಪ್ಟು ಸೇರಿ ಅದನ್ನು ಖಾಲಿ ಮಾಡಬಹುದು, ಅಷ್ಟೇ. ಹೆಚ್ಚಾಗಿ ಇದು ಫೋಟೋ ಏರಿಸುವಾಗ ಆಗುತ್ತದೆ. ಮೊಬೈಲಿನ 4000ಕ್ಕೆ 3000 ಅಳತೆಯ ಫೋಟೋ ಫೈಲಾಗಿ 4 ಎಂಬಿ ಇರಬಹುದು, ಬಿಚ್ಚಿದಾಗ ಮೆಮೊರಿಯಲ್ಲಿ 48 ಎಂಬಿ. ಅದರಿಂದ ಸಣ್ಣ ಅಳತೆಗಳನ್ನು ಮಾಡುವಾಗ ಇನ್ನೂ ಜಾಸ್ತಿ. ಏರಿಸುವ ಮುಂಚೆ ಚಿಕ್ಕದು ಮಾಡುವುದೇ ವಾಸಿ.

ಹೊರಗಿನ ಸೇವೆಗೆ ಕಾಯುವ ಪುಟಗಳ ಬಗ್ಗೆಯೂ ಒಂದು ಮಾತು. ಪಿನ್‌ಕೋಡ್ ನೋಡಿ ಕೊರಿಯರ್ ಸಿಗುತ್ತದಾ ಎಂದು ಕೇಳುವ ಪ್ಲಗಿನ್ ಇತ್ಯಾದಿ. ಆ ಕಡೆಯವರು ತಡ ಮಾಡಿದರೆ ನಮ್ಮ ಜಾಗ ಹಿಡಿದೇ ಇರುತ್ತದೆ. ಸ್ಕ್ರಿಪ್ಟು ಎಷ್ಟು ಹೊತ್ತು ಓಡಬಹುದು ಎಂಬ ಪಿಎಚ್‌ಪಿಯ ಮಿತಿ, ಮ್ಯಾಕ್ಸ್ ಎಕ್ಸಿಕ್ಯೂಶನ್ ಟೈಮ್, 30 ಸೆಕೆಂಡು ಇದೆ, ಅದು ಕತ್ತರಿಸುತ್ತದೆ ಎಂದು ನಂಬಬೇಡಿ. ಲಿನಕ್ಸ್‌ನಲ್ಲಿ ಅದು ಸ್ಕ್ರಿಪ್ಟು ತಾನೇ ಓಡಿದ ಹೊತ್ತನ್ನು ಎಣಿಸುತ್ತದೆ. ಹೊರಗಿನವರಿಗೆ, ಡೇಟಾಬೇಸಿಗೆ ಕಾದ ಹೊತ್ತು ಅದರ ಲೆಕ್ಕಕ್ಕೆ ಬರುವುದಿಲ್ಲ. ಯಾವ ಪುಟ ಎಲ್ಲಿ ಕಾಯುತ್ತಿದೆ ಎಂದು ನೋಡಲು ಕ್ವೆರಿ ಮಾನಿಟರ್ ಪ್ಲಗಿನ್ ಹಾಕಿ, ನೋಡಿ ಮುಗಿದ ಮೇಲೆ ತೆಗೆಯಿರಿ.

ಎಲ್ಲ ಮಾಡಿದ ಮೇಲೂ, ಬಾಟ್‌ಗಳಿಲ್ಲದೆ, ನಿಜವಾದ ಗಿರಾಕಿಗಳ ಕಾರ್ಟ್ ಮತ್ತು ಚೆಕ್‌ಔಟ್ ಪುಟಗಳೇ ಇಪ್ಪತ್ತು ಜಾಗ ತುಂಬುತ್ತಿದ್ದರೆ ಆಗ ದೊಡ್ಡ ಪ್ಲಾನ್ ತಗೊಳ್ಳಿ, ಸಂತೋಷದಿಂದ. ಕಾರ್ಟ್‌ನಲ್ಲಿ ಸೀರೆ ಇಟ್ಟವರಿಗೆ ಕ್ಯಾಶ್ ಪುಟ ಕೊಡಲಾಗುವುದಿಲ್ಲ, ಅಲ್ಲಿ ಉಳಿತಾಯದ ದಾರಿ ಕಮ್ಮಿ. ಹೋಸ್ಟಿಂಗ್‌ನವರಿಗೆ ಬರೆಯುವಾಗ ‘ಸೈಟು ಬಿದ್ದಿದೆ’ ಎಂದಷ್ಟೇ ಬರೆದರೆ ಪ್ಲಾನ್ ಬದಲಿಸಿ ಎಂದಷ್ಟೇ ಉತ್ತರ ಬರುತ್ತದೆ. ಯಾವ ದಿನ, ಯಾವ ಟೈಮ್‌ಝೋನ್‌ನ ಎಷ್ಟು ಗಂಟೆಗೆ, ಯಾವ ಮಿತಿ ತಾಗಿತು, ಸ್ನ್ಯಾಪ್‌ಶಾಟ್‌ನಲ್ಲಿ ಏನು ಕಂಡಿತು ಎಂದು ಬರೆಯಿರಿ. ನಾನು ಹಾಗೆ ಬರೆದ ಎರಡನೇ ಪತ್ರಕ್ಕೆ ಅವರ ಎಂಜಿನಿಯರ್ ಒಬ್ಬರು ಕೂತು ಉತ್ತರಿಸಿದರು. ದೋಷ ಪುಟದ ಹೊಂಡವನ್ನು ತೋರಿಸಿಕೊಟ್ಟವರೂ ಅವರೇ.

ಕಾಕಾನ ಸೈಟಿನಲ್ಲಿ ಚೆಕ್‌ಔಟ್ ಪುಟ ಈಗಲೂ ಮೂರು ಸೆಕೆಂಡು ಹಿಡಿಯುತ್ತದೆ. ಡೇಟಾಬೇಸಿನ ಆಪ್ಶನ್ಸ್ ಟೇಬಲ್‌ನಲ್ಲಿ ತೆಗೆದು ಹಾಕಿದ ಹಳೆಯ ಪ್ಲಗಿನ್‌ಗಳ ಸಾಮಾನು ಪ್ರತಿ ಪುಟಕ್ಕೂ ಲೋಡ್ ಆಗುತ್ತಿದೆ. ವರ್ಡ್‌ಪ್ರೆಸ್‌ನ ಸೈಟ್ ಹೆಲ್ತ್ ಪುಟ ಆ ಸಾಮಾನು 800 ಕೆಬಿ ದಾಟಿದೆ ಎಂದು ಎಚ್ಚರಿಸುತ್ತಿದೆ. ದೀಪಾವಳಿಗೆ ಮುಂಚೆ ಅದನ್ನು ಹಸನು ಮಾಡಬೇಕು.